ಎರಡು ತಲೆಯ ಹಕ್ಕಿಯೂ ಲಿನಕ್ಸೂ

ರೇಷ್ಮೆ ಸೀರೆಯ ವ್ಯಾಪಾರದಲ್ಲಿ ನಲವತ್ತು ವರ್ಷ ಕೂತವನಿಗೆ ನಗುವಂಥ ಸಂಗತಿಗಳು ಕಡಿಮೆಯೇನಿಲ್ಲ. ಅವು ನಡೆಯುತ್ತಿರುವಾಗ ನಗು ಬರುವುದಿಲ್ಲ, ಅಷ್ಟೇ. ಈ ವರ್ಷ ನಡೆದದ್ದೆಲ್ಲ ಒಂದು ಕಂಪ್ಯೂಟರ್‌ನಿಂದ ಶುರುವಾಯಿತು. ಶುರುವಾದಾಗ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮದು ಸಿರುಮುಗೈ. ಮೆಟ್ಟುಪಾಳ್ಯಂನಿಂದ ಬಸ್ಸು ಹತ್ತಿ ಸೀಟು ಹುಡುಕುವಷ್ಟರಲ್ಲಿ ಬಂದುಬಿಡುವ ಊರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಾತು ನಮ್ಮಲ್ಲಿ ತಲೆಮಾರುಗಳಿಂದ ಇದೆ, ಅಕ್ಷರ ಇರಲಿಲ್ಲ. ಅದನ್ನು ನನ್ನ ಹೆಂಡತಿ ಕೊಳ್ಳೇಗಾಲದಿಂದ ಬರುವಾಗ ಜೊತೆಗೆ ತಂದಳು. ಬರೆದದ್ದರಲ್ಲಿ ತಪ್ಪಿದ್ದರೆ ಅವಳನ್ನು ಕೇಳಬೇಕು.

ಹದಿನಾಲ್ಕು ಮಗ್ಗಕ್ಕೆ ಹಾಸು, ಹೊಕ್ಕು, ಜರಿ ಕೊಟ್ಟು ನೇಯಿಸುವ ಯಜಮಾನ ನಾನು, ನೇಕಾರರ ಬಾಯಲ್ಲಿ ಮೊದಲಾಳಿ. ಮಗ್ಗಗಳು ನೇಕಾರರ ಮನೆಗಳಲ್ಲಿವೆ, ಡಿಸೈನು ನನ್ನ ಅಂಗಡಿಯಲ್ಲಿ ಆಗುತ್ತದೆ. ಆಡಿ ತಿಂಗಳಲ್ಲಿ, ಅಂದರೆ ನಿಮ್ಮ ಆಷಾಢದ ಹೊತ್ತಿಗೆ, ಮದುವೆ ಇಲ್ಲ, ಕೊಳ್ಳುವವರೂ ಇಲ್ಲ. ಹೊಸ ಅಂಚನ್ನು ಮಗ್ಗಕ್ಕೆ ಏರಿಸುವುದು ಆಗಲೇ. ಅದರ ಮುಂದಿನ ತಿಂಗಳು ಆವಣಿ, ಆಗ ಮುಹೂರ್ತಗಳು ತೆರೆಯುತ್ತವೆ. ಅಷ್ಟರಲ್ಲಿ ಹೊಸದು ಕೈಗೆ ಬರದಿದ್ದರೆ ಹೋದ ವರ್ಷದ್ದನ್ನೇ ಬಿಚ್ಚಿ ತೋರಿಸಬೇಕು. ಅದನ್ನು ಕೊಳ್ಳಲು ಬಂದವಳು ಆಗಲೇ ಅಕ್ಕನ ಮೈಮೇಲೆ ನೋಡಿರುತ್ತಾಳೆ.

ಈ ವರ್ಷದ ಹೊಸ ಅಂಚು ನನ್ನ ನಾದಿನಿ ಬಿಡಿಸಿದ್ದು. ನಾದಿನಿ ಅಂದರೆ ಹೆಂಡತಿಯ ತಂಗಿ. ಇದೇ ಬೀದಿಗೆ ಸೊಸೆಯಾಗಿ ಬಂದು, ಇಪ್ಪತ್ತು ವರ್ಷದಿಂದ ನನ್ನ ಅಂಗಡಿಯಲ್ಲಿ ಡಿಸೈನು ಹಾಕುತ್ತಿದ್ದಾಳೆ. ಗಂಡಭೇರುಂಡ, ಎರಡು ತಲೆಯ ಹಕ್ಕಿ. ಹೊಸ ವಿಷಯವೇನಲ್ಲ. ಆದರೆ ಇವಳ ಹಕ್ಕಿಯ ಎರಡು ಕುತ್ತಿಗೆಗಳು ತಿರುಗುವ ರೀತಿಯನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಹದಿನಾಲ್ಕು ಮಗ್ಗವೂ ಅದಕ್ಕಾಗಿ ಖಾಲಿ ಕಾಯುತ್ತಿದ್ದವು. ಆ ಅಂಚು ಆವಣಿಗೆ ಮೊದಲು ಹೊರಬರಬೇಕು, ಅದಕ್ಕೂ ಮೊದಲು ಬೇರೆ ಯಾರ ಕಣ್ಣಿಗೂ ಬೀಳಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ.

ಭವಿಷ್ಯ ಇಲ್ಲದ ಪೆಟ್ಟಿಗೆ

ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಇರುತ್ತದೆ. ತೂತು ಹೊಡೆದ ರಟ್ಟಿನ ಹಾಳೆಗಳನ್ನು ಸರದ ಹಾಗೆ ಹೊಲಿದು ಅದಕ್ಕೆ ಹಾಕುತ್ತೇವೆ. ಅದಕ್ಕೆ ನಮ್ಮಲ್ಲಿ ಅಟ್ಟೆ ಎನ್ನುತ್ತಾರೆ. ತೂತು ಎಲ್ಲಿದೆಯೋ ಅಲ್ಲಿ ಎಳೆ ಏಳುತ್ತದೆ, ಚಿತ್ರ ಬೀಳುತ್ತದೆ. ಅಟ್ಟೆ ಹೊಡೆಯಲು ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಯಂತ್ರ, ಅದನ್ನು ಓಡಿಸಲು ಒಂದು ಹಳೆ ಕಂಪ್ಯೂಟರ್.

ಆಡಿ ಹುಟ್ಟಿದ ವಾರ ಆ ಕಂಪ್ಯೂಟರಿನ ಪರದೆಯ ಮೇಲೆ ಒಂದು ನೋಟೀಸು ಬಂತು. ಈ ಸಿಸ್ಟಮ್‌ಗೆ ಇನ್ನು ರಕ್ಷಣೆ ಇಲ್ಲ, ಹೊಸ ಸಿಸ್ಟಮ್ ಈ ಯಂತ್ರಕ್ಕೆ ಹಿಡಿಸುವುದಿಲ್ಲ ಎಂದು. ನಾನು ಹಾಗೇ ಬಿಡುತ್ತಿದ್ದೆನೋ ಏನೋ. ಆದರೆ ಕರುಮತ್ತಂಪಟ್ಟಿಯಲ್ಲಿ ನನಗೆ ಗೊತ್ತಿದ್ದ ಒಬ್ಬ ಪವರ್‌ಲೂಮ್ ಮಾಲೀಕರ ಡಿಸೈನುಗಳಿಗೆಲ್ಲ ಯಾರೋ ದೂರದಿಂದಲೇ ಬೀಗ ಹಾಕಿ ದುಡ್ಡು ಕೇಳಿದ್ದರು. ಅವರೂ ಇಂಥದೇ ನೋಟೀಸನ್ನು ಎರಡು ವರ್ಷ ಒರೆಸಿಕೊಂಡು ಕೂತಿದ್ದವರು. ಕೋಯಮತ್ತೂರಿನ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದೆ.

"ಏನುಂಗಣ್ಣಾ, ಯಂತ್ರ ಚೆನ್ನಾಗೇ ಇದೆ," ಎಂದ. "ಇದಕ್ಕೆ ಭವಿಷ್ಯ ಇಲ್ಲ, ಅಷ್ಟೇ."

"ಓಡ್ತಾ ಇದೆಯಲ್ಲಪ್ಪಾ."

"ಓಡುತ್ತೆ. ಒಳಗೆ ಒಂದು ಚಿಪ್ ಇರಬೇಕು, ಇದರಲ್ಲಿಲ್ಲ. ಹೊಸ ಕಂಪ್ಯೂಟರ್ ತಗೊಂಡ್ಬಿಡಿ."

"ತಗೊಂಡ್ರೆ ಅಟ್ಟೆ ಯಂತ್ರ ಅದಕ್ಕೆ ಸೇರುತ್ತಾ?"

"ಆ ಹಳೇ ವೈರು ಹೊಸದಕ್ಕೆ ಸೇರೋದಿಲ್ಲ. ಅಟ್ಟೆ ಯಂತ್ರಾನೂ ಹೊಸದು ಬೇಕು. ಆದರೆ ಅದನ್ನ ಮಾಡೋರು ಈಗ ಇಲ್ಲ. ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿಸಿಬಿಡಿ, ಹದಿನಾಲ್ಕು ಮಗ್ಗಕ್ಕೂ."

ಪರದೆಯ ಮೇಲಿನ ನಾಲ್ಕು ಸಾಲು ಹದಿನಾಲ್ಕು ಮನೆಯ ಮಗ್ಗ ಬಿಚ್ಚುವವರೆಗೆ ಬಂತು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ನನಗೂ ಅರವತ್ತಮೂರು. ಹೋದ ತಿಂಗಳು ಡಾಕ್ಟರೂ ಇದೇ ಮಾತು ಹೇಳಿದರು, ಓಡುತ್ತಿದೆ, ಒಳಗಿನ ಸಾಮಾನು ಹಳೆಯದು ಅಂತ. ಅವರೇನು ಹೊಸದು ತಗೊಳ್ಳಿ ಅಂದರಾ?"

ಅವಳು ಅನ್ನ ಬಡಿಸುತ್ತಿದ್ದಳು. "ನೀವು ಈಚೆ ಬಂದ ಮೇಲೆ ನಾನು ಡಾಕ್ಟರನ್ನ ಕೇಳಿ ನೋಡಿದೆ," ಎಂದಳು. "ಈಗ ಅದನ್ನೂ ಮಾಡೋರು ಇಲ್ವಂತೆ."

ನೀಲಿದು

ಮೆಟ್ಟುಪಾಳ್ಯಂನಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಲ್ಲೋ ಹಳೆ ಕಂಪ್ಯೂಟರ್ ಇದೆ ಎಂದು ಕಿವಿಗೆ ಬಿದ್ದರೂ ಸಾಕು, ಬಸ್ಸು ಹತ್ತಿ ಬಂದು ಲಿನಕ್ಸ್ ಹಾಕಿಕೊಟ್ಟು, ಒಂದು ಲೋಟ ಕಾಫಿ ಕುಡಿದು ಹೋಗುತ್ತಾರೆ. ಲಿನಕ್ಸ್ ಅಂದರೆ ಲೋಕದ ಸಾವಿರಾರು ಜನ ಸೇರಿ ಬರೆದ ಸಿಸ್ಟಮ್, ಒಬ್ಬ ಮಾಲೀಕ ಅಂತ ಇಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು ಎಂದರು.

"ಮಾಲೀಕ ಇಲ್ಲದಿದ್ದರೆ ಕೆಟ್ಟಾಗ ಯಾರನ್ನು ಹಿಡಿಯೋದು ಮೇಷ್ಟ್ರೇ?"

"ಮಾಲೀಕ ಇದ್ದಾನಲ್ಲ ನಿಮ್ಮ ಈಗಿನದಕ್ಕೆ. ಹಿಡಿದಿರಾ?"

ವ್ಯಾಪಾರಿಗೆ ಈ ಉತ್ತರ ಸಾಕು. ಹಾಕಿ ಎಂದೆ.

ಆದರೆ ಲಿನಕ್ಸ್ ಒಂದಲ್ಲ, ನೂರಾರು ಇವೆಯಂತೆ. ಯಾವುದು ಹಾಕುವುದು? ಮೇಷ್ಟ್ರಿಗೆ ತಿರುಪ್ಪೂರಿನಲ್ಲಿ ಒಬ್ಬ ಹಳೆ ಶಿಷ್ಯ ಇದ್ದಾನೆ, ಬನಿಯನ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಅವನಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು. ಬೆಳಗ್ಗೆ ಹತ್ತಕ್ಕೆ ಶುರುವಾದ ಮಾತು ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಹಳೆ ವಿಧಾನವೇ ಸಾಕೋ, ಹೊಸದು ಬೇಕೋ. ಹಳೆ ಯಂತ್ರಗಳನ್ನು ಇನ್ನು ಕೈಬಿಡಬೇಕೋ, ಹಿಡಿದುಕೊಂಡಿರಬೇಕೋ. ಸಿಸ್ಟಮ್‌ನ ತಿರುಳನ್ನು ಹಿಂದಿನವರು ಬರೆದ ಭಾಷೆಯಲ್ಲೇ ಮುಂದುವರಿಸಬೇಕೋ, ಹೊಸ ಭಾಷೆಯನ್ನು ಒಳಗೆ ಬಿಡಬೇಕೋ. ಅದರ ಮೇಲೆ ದೊಡ್ಡ ದೊಡ್ಡವರೇ ಮುನಿಸಿಕೊಂಡು ಕೆಲಸ ಬಿಟ್ಟರಂತೆ. ಗುರುವಿನ ಮುಖ ಕೆಂಪಾಯಿತು. ಆ ಕಡೆಯಿಂದ ಶಿಷ್ಯ, "ಸಾರ್, ನೀವು ಇನ್ನೂ ಅಲ್ಲೇ ಇದ್ದೀರಿ," ಎಂದ.

ನಮ್ಮ ಚೌಡೇಶ್ವರಿ ಅಮ್ಮನ ಪೂಜೆಯ ಮೀಟಿಂಗಿನಲ್ಲೂ ಮೊದಲ ತಾಂಬೂಲ ಯಾರಿಗೆ ಎಂದು ಹೀಗೆ ಕೂತದ್ದುಂಟು. ಅಲ್ಲಿ ಕಡೆಗೆ ಊಟವಾದರೂ ಹಾಕುತ್ತಾರೆ.

ಊಟದ ಹೊತ್ತಿಗೆ ನಾದಿನಿ ಹಿಂದಿನ ಕೋಣೆಯಿಂದ ಬಂದು, "ಭಾವ, ಓಡ್ತಾ ಇದೆ," ಎಂದಳು. ಮೇಷ್ಟ್ರ ಚೀಲದಲ್ಲಿದ್ದ ನಾಲ್ಕು ಬಣ್ಣದ ಪೆನ್ ಡ್ರೈವಿನಲ್ಲಿ ಒಂದನ್ನು ಚುಚ್ಚಿ, ಕೇಳಿದ್ದಕ್ಕೆಲ್ಲ ಮುಂದೆ, ಮುಂದೆ ಎಂದು ಒತ್ತಿ ಅವಳೇ ಮುಗಿಸಿದ್ದಳು.

ಮೇಷ್ಟ್ರು ಎದ್ದು ನಿಂತರು. ಫೋನಿನಲ್ಲಿ ಶಿಷ್ಯನೂ ಉಸಿರು ಹಿಡಿದ. "ಯಾವುದಮ್ಮಾ ಹಾಕಿದೆ?"

"ನೀಲಿದು," ಎಂದಳು.

ಅಟ್ಟೆ ಹೇಳಿದ ಮಾತು

ಅಟ್ಟೆ ಯಂತ್ರ ಓಡಿಸಲು ಒಂದು ಪ್ರೋಗ್ರಾಮ್ ಬೇಕು. ಮೇಷ್ಟ್ರು ಹುಡುಕಿ ತಂದರು. ಅದನ್ನು ಬರೆದವನು ಎಲ್ಲೋ ಚಳಿ ದೇಶದ ಒಬ್ಬ ಮನುಷ್ಯ. ತನ್ನೂರಿನ ಮ್ಯೂಸಿಯಂನಲ್ಲಿದ್ದ ಹಳೆ ಮಗ್ಗವನ್ನು ಓಡಿಸಿ ಮಕ್ಕಳಿಗೆ ತೋರಿಸಬೇಕೆಂದು ಬರೆದನಂತೆ. ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಅವನೊಬ್ಬನೇ ನೋಡಿಕೊಳ್ಳುವುದು.

ನಾದಿನಿ ಎರಡು ದಿನ ಕೂತು ಅಟ್ಟೆ ಹೊಡೆದಳು. ಮೊದಲು ಒಂದು ಮಗ್ಗಕ್ಕೆ ಹಾಕಿ ಗೇಣುದ್ದ ಮಾದರಿ ನೇಯಿಸುವುದು ನಮ್ಮ ಪದ್ಧತಿ. ಅದಕ್ಕೊಬ್ಬ ಹಿರಿಯ ನೇಕಾರರಿದ್ದಾರೆ, ನನಗಿಂತ ಐದು ವರ್ಷ ದೊಡ್ಡವರು. ನಮ್ಮ ಮಗ್ಗಗಳಲ್ಲಿ ಸೀರೆಯ ಮುಖ ಕೆಳಗಿರುತ್ತದೆ. ನೇಯುವವನಿಗೆ ಕಾಣುವುದು ಹಿಂಬದಿ ಮಾತ್ರ, ಬರೀ ಜರಿಯ ಎಳೆಗಳ ಗೋಜಲು. ಬಟ್ಟೆ ಕತ್ತರಿಸಿ ತಿರುಗಿಸಿದಾಗಲೇ ಚಿತ್ರ.

ಕತ್ತರಿಸಿ ತಂದರು. ತಿರುಗಿಸಿದೆವು. ಹಕ್ಕಿಗೆ ಒಂದೇ ತಲೆ. ಎಡಕ್ಕೆ ನೋಡುವ ತಲೆ ಇದೆ, ಬಲಗಡೆಯದು ಇಲ್ಲ. ಅಲ್ಲಿ ರೆಕ್ಕೆಯೂ ಕೊಂಚ ಮೊಟಕು. ಕಂಪ್ಯೂಟರಿನ ಪರದೆಯ ಮೇಲೆ ಎರಡೂ ತಲೆ ಸರಿಯಾಗಿವೆ. ಅಂಚು ಅಗಲವಾದರೆ ಅಟ್ಟೆ ಹೊಡೆಯುವಾಗ ಕೊನೆಯ ಕೆಲವು ಸಾಲು ತೂತನ್ನು ಪ್ರೋಗ್ರಾಮ್ ನುಂಗಿಬಿಡುತ್ತಿತ್ತು.

ನಾದಿನಿ ಆ ಬಟ್ಟೆಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. ನಾನು ನೇಕಾರರನ್ನು ಕೇಳಿದೆ. "ಏನಣ್ಣಾ, ನೇಯುವಾಗ ಒಂದು ತಲೆಯ ಎಳೆ ಏಳ್ತಾ ಇಲ್ಲ ಅಂತ ನಿಮ್ಮ ಕೈಗೆ ಗೊತ್ತಾಗಲಿಲ್ವಾ? ಐವತ್ತು ವರ್ಷದ ಕೈ."

"ಗೊತ್ತಾಯ್ತು," ಎಂದರು. "ಅಟ್ಟೆ ಹೇಳಿದ್ದನ್ನ ಮಗ್ಗ ಕೇಳ್ತು, ಮಗ್ಗ ಹೇಳಿದ್ದನ್ನ ನಾನು ಕೇಳ್ದೆ. ಮೊದಲಾಳಿ ಮನೆ ಹಕ್ಕಿಗೆ ಎಷ್ಟು ತಲೆ ಅಂತ ನಾನು ಯಾಕೆ ವಿಚಾರಿಸ್ಲಿ?"

ನೀವು ಮನುಷ್ಯರೇ?

ಆ ಚಳಿ ದೇಶದವನಿಗೆ ದೂರು ಬರೆಯಬೇಕು. ಅದಕ್ಕೆ ಇಂಟರ್‌ನೆಟ್‌ನಲ್ಲಿ ಒಂದು ಪುಟ ಇದೆ. ನಾನು ಹೇಳಿದೆ, "ಖಾರವಾಗಿ ಬರಿ. ನಿನ್ನಿಂದ ಹದಿನಾಲ್ಕು ಮಗ್ಗ ನಿಂತಿವೆ, ಜವಾಬ್ದಾರಿ ಯಾರದು ಅಂತ ಬರಿ."

ಮೇಷ್ಟ್ರು ಆ ಪುಟವನ್ನು ತೆರೆದು, ಹಿಂದೆ ಬೇರೆಯವರು ಬರೆದಿದ್ದನ್ನು ನನಗೆ ತಮಿಳಿನಲ್ಲಿ ಓದಿ ಹೇಳಿದರು. ನಿನ್ನಿಂದ ನನ್ನ ಫ್ಯಾಕ್ಟರಿ ನಿಂತಿದೆ. ಇನ್ನೂ ಎಷ್ಟು ದಿನ ಕಾಯಬೇಕು. ಇದೇನು ಆಟವೇ. ಅವುಗಳ ನಡುವೆ ಆ ಮನುಷ್ಯನದೇ ಒಂದು ಉತ್ತರ ಇತ್ತು. ನಾನು ವಾರವೆಲ್ಲ ಬೇರೆ ಕೆಲಸಕ್ಕೆ ಹೋಗುತ್ತೇನೆ, ಇದನ್ನು ಭಾನುವಾರ ಮಾಡುತ್ತೇನೆ, ಇದರಿಂದ ನನಗೇನೂ ಬರುವುದಿಲ್ಲ, ತಾಯಿಗೆ ಹುಷಾರಿಲ್ಲ, ದಣಿದಿದ್ದೇನೆ.

ನಾನು ಹೇಳಿ ಬರೆಸಲಿದ್ದ ಕಾಗದವನ್ನು ನನಗಿಂತ ಮೊದಲೇ ಹತ್ತು ಜನ ಬರೆದಿದ್ದರು. ಒಬ್ಬ ಮನುಷ್ಯನ ಭಾನುವಾರದ ಮೇಲೆ ಇಲ್ಲಿ ಹದಿನಾಲ್ಕು ಮನೆ ಕೂತಿವೆ, ಅವನು ಯಾರೆಂದೂ ನಮಗೆ ಗೊತ್ತಿಲ್ಲ. "ಮರ್ಯಾದೆಯಾಗಿ ಬರಿ," ಎಂದೆ.

ನಾದಿನಿ ತಮಿಳಿನಲ್ಲಿ ಹೇಳಿದಳು, ಫೋನು ಅದನ್ನು ಇಂಗ್ಲಿಷ್ ಮಾಡಿತು. ಬಟ್ಟೆಯ ಫೋಟೋ ಹಾಕಿ, ಹಕ್ಕಿಯ ಎರಡನೇ ತಲೆ ಬರುತ್ತಿಲ್ಲ, ದಯವಿಟ್ಟು ನೋಡಿ ಎಂದು ಕಳಿಸಿದಳು.

ಮಾರನೇ ದಿನ ಉತ್ತರ. ಫೋಟೋ ನೋಡಿದೆ. ಹಕ್ಕಿ ಪೂರ್ತಿ ಇದೆ, ತಲೆ ಒಂದಿದೆ, ಸರಿಯಾಗಿದೆ. ಈಗೀಗ ಕೃತಕ ಬುದ್ಧಿಯ ಯಂತ್ರಗಳಿಂದ ಬರೆಸಿದ ಸುಳ್ಳು ದೂರುಗಳು ದಿನವೂ ಬರುತ್ತಿವೆ, ಅವನ್ನು ಓದುವುದರಲ್ಲೇ ನನ್ನ ಭಾನುವಾರ ಮುಗಿಯುತ್ತದೆ. ಎರಡು ತಲೆಯ ಹಕ್ಕಿ ಎಂದು ಬರೆದಿದ್ದೀರಿ. ಕ್ಷಮಿಸಿ, ನೀವು ಮನುಷ್ಯರೇ?

ನಾದಿನಿಗೆ ಕಣ್ಣಲ್ಲಿ ನೀರು. ಮೂರು ತಿಂಗಳ ಕೆಲಸ, ಅದರ ಮೇಲೆ ಈ ಮಾತು. ಮನೆಗೆ ಬಂದು ಅಕ್ಕನ ಹತ್ತಿರ ಹೇಳಿಕೊಂಡಳು. "ಅವನು ನನ್ನನ್ನ ಮನುಷ್ಯಳೇ ಅಂತ ಕೇಳ್ತಾನೆ ಅಕ್ಕಾ."

ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಾ, "ಅವನಿಗೆ ಮೊನ್ನೆ ಮೊನ್ನೆ ಪರಿಚಯ," ಎಂದಳು. "ನೀನು ಹುಟ್ಟಿದಾಗಿನಿಂದ ನಾನು ಕೇಳ್ತಾ ಇದ್ದೀನಿ."

ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ

ತಾನು ಮನುಷ್ಯಳೆಂದು ತೋರಿಸಲು ನಾದಿನಿ ಹಳೆ ಸೀರೆಗಳ ಎರಡು ತಲೆಯ ಹಕ್ಕಿಗಳ ಫೋಟೋ ಕಳಿಸಿದಳು, ಮಗ್ಗದ ಮುಂದೆ ನಿಂತ ತನ್ನ ಫೋಟೋ ಕಳಿಸಿದಳು, ಇನ್ನೂ ಏನೇನೋ ಕಳಿಸಿದಳು. ಅವನು ನಂಬಿದ. ಕ್ಷಮೆಯನ್ನೂ ಕೇಳಿದ. ಭಾನುವಾರ ಕೂತು ನೋಡುತ್ತೇನೆ ಎಂದ.

ಅಂದು ಗುರುವಾರ. ಅದೇ ಪುಟದಲ್ಲಿ ಇನ್ನೊಬ್ಬ ತಲೆ ಹಾಕಿದ. ತುಂಬ ವಿನಯದವನು. ನೀವು ಪಾಪ ದಣಿದಿದ್ದೀರಿ, ಇದರ ಬೀಗದ ಕೈ, ಅಂದರೆ ಪ್ರೋಗ್ರಾಮ್ ತಿದ್ದುವ ಅಧಿಕಾರ, ನನಗೆ ಕೊಡಿ, ನಾಳೆಯೇ ಸರಿ ಮಾಡಿಕೊಡುತ್ತೇನೆ, ಸಿರುಮುಗೈಯವರು ಕಾಯುತ್ತಿದ್ದಾರೆ ಎಂದು ಬರೆದ. ನಮ್ಮ ಹೆಸರಿನಲ್ಲಿ ಕೇಳುತ್ತಿದ್ದಾನೆ. ನನಗೂ ಎರಡು ದಿನ ಉಳಿಯುತ್ತಿತ್ತು.

ಮೇಷ್ಟ್ರು ತಲೆಯಾಡಿಸಿದರು. ಇತ್ತೀಚೆಗೆ ಹೀಗೇ ಒಂದು ನಡೆಯಿತು ಎಂದರು. ಲೋಕದ ಎಷ್ಟೋ ಕಂಪ್ಯೂಟರ್‌ಗಳಿಗೆ ಬೇಕಾದ ಒಂದು ಸಣ್ಣ ಪ್ರೋಗ್ರಾಮನ್ನು ಒಬ್ಬನೇ ಮನುಷ್ಯ ನೋಡಿಕೊಳ್ಳುತ್ತಿದ್ದ, ಅವನೂ ದಣಿದಿದ್ದ. ಒಬ್ಬ ಅಪರಿಚಿತ ವಿನಯದಿಂದ ಬಂದು ವರ್ಷಗಟ್ಟಲೆ ಸಹಾಯ ಮಾಡಿ, ಕೈಗೆ ಬಂದ ಮೇಲೆ ಅದರಲ್ಲಿ ಕಳ್ಳಬಾಗಿಲು ಇಟ್ಟ. ಕೆಲಸ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಇನ್ನೊಬ್ಬನಿಗೆ ಅನುಮಾನ ಬಂದು ಸಿಕ್ಕಿತು. ಅರ್ಧ ಸೆಕೆಂಡನ್ನು ಗಮನಿಸಿದ ಆ ಮನುಷ್ಯ ಸಿಕ್ಕರೆ ನಾನು ಜರಿ ಪರೀಕ್ಷೆಗೆ ಇಟ್ಟುಕೊಳ್ಳುತ್ತೇನೆ.

ಈಗ ಏನು ಮಾಡುವುದು ಎಂದು ಆ ಪುಟದಲ್ಲಿ ಬುದ್ಧಿವಂತರೆಲ್ಲ ಚರ್ಚೆಗಿಳಿದರು. ನಿಯಮ ಬೇಕು, ಸಮಿತಿ ಬೇಕು, ಸಹಿ ಬೇಕು. ಹೊಸ ನೇಕಾರ ಬಂದು ಹಾಸು ಕೇಳಿದರೆ ನಮ್ಮಲ್ಲಿ ಸಮಿತಿ ಮಾಡುವುದಿಲ್ಲ. ಅವನ ಮನೆಗೆ ಹೋಗುತ್ತೇವೆ, ಒಂದು ಲೋಟ ನೀರು ಕೇಳಿ ಕುಡಿಯುತ್ತೇವೆ, ಪಕ್ಕದ ಮನೆಯವರ ಹತ್ತಿರ ಎರಡು ಮಾತಾಡಿ ಬರುತ್ತೇವೆ. ನೀರು ಕುಡಿಯಲು ದೂರವಾಯಿತು, ಮಾತನ್ನಾದರೂ ಕೇಳೋಣವೆಂದು ನಾದಿನಿಯಿಂದ ಬರೆಸಿದೆ: ಕೀಲಿಕೈ ಕೇಳುತ್ತಿರುವ ತಮ್ಮನಿಗೆ, ನಿಮ್ಮ ಊರು ಯಾವುದು? ಮನೆಯಲ್ಲಿ ಯಾರಿದ್ದಾರೆ? ನಿಮ್ಮನ್ನು ಬಲ್ಲವರು ಯಾರು?

ಚರ್ಚೆ ನಿಂತಿತು. ಶನಿವಾರ ಬೆಳಗ್ಗೆ ನೋಡಿದರೆ ಹನ್ನೊಂದು ಜನ ತಂತಮ್ಮ ಊರು, ಹೆಂಡತಿ, ಮಕ್ಕಳು, ನಾಯಿ, ಎಲ್ಲವನ್ನೂ ವಿವರವಾಗಿ ಬರೆದಿದ್ದರು. ಕೀಲಿಕೈ ಕೇಳಿದವನೊಬ್ಬ ಬರೆದಿರಲಿಲ್ಲ. ಆಮೇಲೆ ಅವನು ಆ ಪುಟದ ಕಡೆ ಬರಲೇ ಇಲ್ಲ.

ಯಾರೂ ನೋಡಬೇಡಿ

ಭಾನುವಾರ ಆ ಚಳಿ ದೇಶದವನು ಸರಿ ಮಾಡಿದ. ಸೋಮವಾರ ಬೆಳಗ್ಗೆ ನಾವು ಹೊಸ ಪ್ರೋಗ್ರಾಮ್ ಇಳಿಸಿಕೊಂಡು ಅಟ್ಟೆ ಹೊಡೆದೆವು. ಗೇಣುದ್ದ ಮಾದರಿ ಬಂತು. ಎರಡು ತಲೆ, ಎರಡು ಕುತ್ತಿಗೆ, ಅವಳು ಬಿಡಿಸಿದ ಹಾಗೆಯೇ. ಹಿರಿಯ ನೇಕಾರರು ಬಟ್ಟೆಯನ್ನು ಬೆಳಕಿಗೆ ಹಿಡಿದು, "ಈಗ ವಿಚಾರಿಸ್ತೀನಿ, ಇದನ್ನ ಯಾರು ಬಿಡಿಸಿದ್ದು?" ಎಂದರು. ನಾದಿನಿ ಒಳಗೆ ಹೋಗಿಬಿಟ್ಟಳು. ವಾರದೊಳಗೆ ಹದಿನಾಲ್ಕು ಮಗ್ಗಕ್ಕೂ ಅಟ್ಟೆ ಏರಿತು.

ಕೆಲಸ ಆಯಿತೆಂದು ಮೇಷ್ಟ್ರಿಗೆ ಕಾಫಿ ಕೊಡುತ್ತಾ ಸುಮ್ಮನೆ ಕೇಳಿದೆ. "ಅವನಿಗೆ ತಪ್ಪು ಹೇಗೆ ಸಿಕ್ಕಿತು ಮೇಷ್ಟ್ರೇ, ಬರೀ ಫೋಟೋ ನೋಡಿ?"

"ಫೋಟೋ ಸಾಲದು. ಇವರು ಡಿಸೈನ್ ಫೈಲನ್ನೇ ಹಾಕಿದ್ದರಲ್ಲ."

"ಎಲ್ಲಿ?"

"ಆ ಪುಟದಲ್ಲಿ. ಎಲ್ಲರಿಗೂ ಕಾಣುವ ಹಾಗೆ."

ನಾನು ನಾದಿನಿಯ ಕಡೆ ನೋಡಿದೆ. ಅವಳು ಗೋಡೆಯ ಕಡೆ ನೋಡಿದಳು. "ಮನುಷ್ಯಳು ಅಂತ ತೋರಿಸ್ಬೇಕಿತ್ತಲ್ಲ ಭಾವ," ಎಂದಳು.

ನಮ್ಮ ಬೀದಿಯಲ್ಲಿ ಹೊಸ ಅಂಚಿನ ಗುಟ್ಟನ್ನು ಅಳಿಯನಿಗೂ ಹೇಳುವುದಿಲ್ಲ. ಅಟ್ಟೆಯನ್ನು ಗೋಣಿಯಲ್ಲಿ ಸುತ್ತಿ ಕಳಿಸುತ್ತೇವೆ. ಇದು ಲೋಕಕ್ಕೇ ಬಿಚ್ಚಿ ಹಾಸಿದ್ದಾಯಿತು. ತೆಗೆಸಿ ಎಂದೆ. ಮೇಷ್ಟ್ರು ಸಮಾಧಾನವಾಗಿ ವಿವರಿಸಿದರು: ಆ ಮನುಷ್ಯ ಅದನ್ನು ಪರೀಕ್ಷೆಯ ಮಾದರಿಯಾಗಿ ಪ್ರೋಗ್ರಾಮಿನೊಳಗೇ ಸೇರಿಸಿದ್ದಾನೆ, ಈ ತಪ್ಪು ಮತ್ತೆ ಬರಬಾರದು ಎಂದು. ಇಳಿಸಿಕೊಂಡವರೆಲ್ಲರ ಹತ್ತಿರವೂ ಅದರ ನಕಲಿದೆ, ಹಿಂದಿನದೆಲ್ಲ ಸಹಿತ. ಅಳಿಸಿದರೂ ಅಳಿಸಿದ್ದು ಕಾಣುತ್ತದೆ. ಬಚ್ಚಿಡುವುದು ಅಲ್ಲಿನ ಪದ್ಧತಿಯಲ್ಲ, ಹಾಗೆ ಬಚ್ಚಿಡದೆ ಇದ್ದದ್ದಕ್ಕೇ ನಿಮ್ಮ ಹಕ್ಕಿಗೆ ತಲೆ ಬಂತು ಎಂದರು. ನ್ಯಾಯದ ಮಾತೇ. ನನಗೆ ಸಹಿಸಲಾಗಲಿಲ್ಲ.

ಉಳಿದಿದ್ದು ಒಂದೇ ದಾರಿ ಎಂದು ನಾನೇ ಯೋಚಿಸಿ ಬರೆಸಿದೆ: ಎಲ್ಲರಲ್ಲೂ ಕೈಮುಗಿದು ಕೇಳುವುದೇನೆಂದರೆ, ನಮ್ಮ ಅಂಚಿನ ಡಿಸೈನನ್ನು ಆವಣಿ ತಿಂಗಳು ಮುಗಿಯುವವರೆಗೆ ದಯವಿಟ್ಟು ಯಾರೂ ನೋಡಬೇಡಿ.

ಡಿಸೈನ್ ಫೈಲನ್ನು ಎಷ್ಟು ಜನ ತೆರೆದು ನೋಡಿದ್ದಾರೆ ಎಂಬ ಲೆಕ್ಕ ಆ ಪುಟದಲ್ಲೇ ಬರುತ್ತದೆ. ನಾನು ಬರೆಸುವ ದಿನ ಮೂವರು ನೋಡಿದ್ದರು. ವಾರ ಕಳೆಯುವಷ್ಟರಲ್ಲಿ ನಾಲ್ಕು ನೂರು ದಾಟಿತ್ತು.

ತವರಿನ ಕಡೆಯ ತಲೆ

ಆ ನಾಲ್ಕು ನೂರರಲ್ಲಿ ಒಬ್ಬರು ನಮ್ಮ ಎದುರಂಗಡಿಯವರು. ಅವರೂ ರೇಷ್ಮೆ ಸೀರೆ, ಹತ್ತು ಮಗ್ಗ. ಮೇಷ್ಟ್ರು ಅವರ ಮನೆಯಲ್ಲೂ ಕಾಫಿ ಕುಡಿದಿದ್ದರು, ಅದೇ ಪ್ರೋಗ್ರಾಮ್ ಹಾಕಿಕೊಟ್ಟಿದ್ದರು. ಎದುರಂಗಡಿಯವರು ಪುಟದಲ್ಲಿದ್ದ ನಮ್ಮ ಡಿಸೈನನ್ನು ಇಳಿಸಿಕೊಂಡರು. ಸರಿಮಾಡಿದ ಹೊಸ ಪ್ರೋಗ್ರಾಮನ್ನು ಇಳಿಸಿಕೊಳ್ಳಲಿಲ್ಲ. ಓಡುತ್ತಿರುವುದನ್ನು ಮುಟ್ಟಬಾರದು ಎಂಬುದು ಅವರ ಸಿದ್ಧಾಂತ. ಪರದೆಯ ಮೇಲೆ ಎರಡೂ ತಲೆ ನೋಡಿ ತೃಪ್ತರಾಗಿ ಅಟ್ಟೆ ಹೊಡೆದು ಹತ್ತೂ ಮಗ್ಗಕ್ಕೆ ಏರಿಸಿಬಿಟ್ಟರು. ಮಾದರಿ ನೇಯಿಸಲು ಪುರುಸೊತ್ತಿರಲಿಲ್ಲ, ನಮಗಿಂತ ಮೊದಲು ಬರಬೇಕಿತ್ತಲ್ಲ. ಒಂದು ಹಾಸಿನಲ್ಲಿ ಮೂರು ಸೀರೆ. ಹಾಸು ಮುಗಿದು ಕತ್ತರಿಸಿ ತಿರುಗಿಸಿದಾಗ ಮೂವತ್ತು ಸೀರೆ, ಅಷ್ಟರಲ್ಲೂ ಒಂಟಿ ತಲೆ.

ಇದು ಕಿವಿಗೆ ಬಿದ್ದ ದಿನ ನಾನು ಎರಡು ತುತ್ತು ಹೆಚ್ಚು ಉಂಡೆ. ಸುಳ್ಳು ಹೇಳುವುದಿಲ್ಲ.

ಆವಣಿ ಬಂತು. ಮುಹೂರ್ತದ ಸೀರೆ ಕೊಳ್ಳುವುದು ನಮ್ಮ ಕಡೆ ಗಂಡಿನ ಮನೆಯವರು. ಮೊದಲ ವಾರವೇ ಒಬ್ಬ ವರನ ತಾಯಿ ಬಂದು ಕೂತರು, ಹೆಣ್ಣಿನ ಕಡೆಯವರೂ ಜೊತೆಗಿದ್ದರು. ನಾನು ಹೊಸ ಅಂಚು ಬಿಚ್ಚಿದೆ. ಆಕೆ ಬೆರಳಿಟ್ಟು ಎಣಿಸಿದರು.

"ಇದೇನು, ಎರಡು ತಲೆ ಬಂದುಬಿಟ್ಟಿದೆ?"

"ಗಂಡಭೇರುಂಡ ಅಮ್ಮಾ. ಎರಡೇ ಇರೋದು."

"ಎದುರಂಗಡಿಯಲ್ಲಿ ಒಂದೇ ಇದೆ. ಅವರು ಹೇಳಿದರು, ಒಂದು ತಲೆ ಗಂಡನ ಮನೆ ಕಡೆ ನೋಡುತ್ತೆ, ಇನ್ನೊಂದು ತವರಿನ ಕಡೆ ನೋಡುತ್ತೆ, ಆ ತವರಿನ ಕಡೆ ನೋಡೋ ತಲೆಯನ್ನ ತೆಗೆದು ಈ ವರ್ಷ ಹೊಸದಾಗಿ ಮಾಡಿಸಿದ್ದೇವೆ ಅಂತ." ಸೀರೆಯನ್ನು ನನ್ನ ಕಡೆಗೇ ಸರಿಸಿ ಎದ್ದರು. "ನಿಮ್ಮದು ಹಳೇದು."

ಮೂವತ್ತು ಸೀರೆ ಕೆಟ್ಟ ಮೇಲೆ ಆ ಮಾತು ಹುಟ್ಟಿಸಿದ ವ್ಯಾಪಾರಿಯನ್ನು ನಾನು ಮನಸ್ಸಿನಲ್ಲೇ ಮೆಚ್ಚಿದೆ. ಮೆಚ್ಚುತ್ತಾ ಕೂತರೆ ಸೀರೆ ಹೋಗುವುದಿಲ್ಲ. ಹತ್ತು ದಿನದಲ್ಲಿ ಏಳು ಮಂದಿ ವರನ ತಾಯಂದಿರು ಇದೇ ಮಾತು ಹೇಳಿ ಎದುರಂಗಡಿಗೆ ದಾಟಿದರು. ನಾದಿನಿಯನ್ನು ಕರೆದು, ಮುಂದಿನ ಹಾಸಿನಲ್ಲಿ ಒಂದು ತಲೆ ತೆಗೆದುಬಿಡು ಎಂದೆ.

"ಆ ಕುತ್ತಿಗೆ ತಿರುಗಿಸೋಕೆ ನನಗೆ ಇಪ್ಪತ್ತು ದಿನ ಹಿಡಿತು," ಎಂದಳು. "ಕಡಿಯೋದಿದ್ರೆ ನೀವೇ ಕಡೀರಿ ಭಾವ. ನನ್ನ ಕೈಯಿಂದ ಆಗೋದಿಲ್ಲ." ಕಂಪ್ಯೂಟರ್ ಆರಿಸಿ ಮನೆಗೆ ಹೋದಳು.

ನನಗೆ ಡಿಸೈನು ತಿದ್ದಲು ಬರುವುದಿಲ್ಲ. ಮೇಷ್ಟ್ರು ಮಗಳ ಊರಿಗೆ ಹೋಗಿದ್ದರು. ಎಂಟು ದಿನ ನೋಡಿ, ಕಡೆಗೆ ಜೀವನದಲ್ಲಿ ಮೊದಲ ಸಲ ಆ ಪುಟದಲ್ಲಿ ನಾನೇ ಬರೆದೆ. ಫೋನಿಗೆ ತಮಿಳಿನಲ್ಲಿ ಹೇಳಿದೆ: ಮಾನ್ಯರೇ, ತಾವು ಸರಿಮಾಡಿಕೊಟ್ಟ ತಪ್ಪಿನಿಂದ ನಮಗೆ ಬಹಳ ಉಪಕಾರವಾಗುತ್ತಿತ್ತು. ದಯವಿಟ್ಟು ಆ ತಪ್ಪನ್ನು ವಾಪಸ್ ಕೊಡಿಸಬೇಕು. ವ್ಯಾಪಾರಿಗಳು ಕಾಗದ ಬರೆದರೆ ವಿಳಾಸ ಪೂರ್ತಿ ಬರೆಯುತ್ತೇವೆ. ಅಂಗಡಿಯ ನಂಬರು, ಬೀದಿ, ಎದುರಿಗಿರುವ ಹುಣಸೆಮರ, ಎಲ್ಲ ಬರೆದೆ.

ಭಾನುವಾರ ಸಂಜೆ ಉತ್ತರ ಬಂತು. ಅಂಗಡಿಯಲ್ಲೇ ಕೂತು ಫೋನಿನಲ್ಲಿ ತಮಿಳು ಮಾಡಿಸಿ ಓದಿದೆ.

ನಿಮ್ಮ ಪತ್ರ ತಲುಪಿತು. ನಿನ್ನೆ ಇನ್ನೊಬ್ಬರು ಬರೆದಿದ್ದಾರೆ. ಅವರ ಹಕ್ಕಿಗೆ ಒಂದೇ ತಲೆ ಬರುತ್ತಿದೆಯಂತೆ. ಸೀರೆ ನೋಡಲು ಜೊತೆಗೆ ಬರುವ ಹೆಣ್ಣಿನ ತಾಯಂದಿರು ನಮ್ಮ ಮನೆಯ ಕಡೆಯ ತಲೆಯನ್ನು ಕಡಿದವರು ಯಾರು ಎಂದು ಜಗಳವಾಡಿ, ಮದುವೆಯ ಮಾತನ್ನೇ ನಿಲ್ಲಿಸುವವರೆಗೆ ಹೋಗುತ್ತಿದ್ದಾರಂತೆ. ಅವರಿಗೆ ಎರಡನೇ ತಲೆ ತಕ್ಷಣ ಬೇಕು. ಅವರು ಕೊಟ್ಟ ವಿಳಾಸದಲ್ಲೂ ಅದೇ ಬೀದಿ, ಅದೇ ಹುಣಸೆಮರ ಇದೆ. ನೀವಿಬ್ಬರೂ ದಯವಿಟ್ಟು ರಸ್ತೆ ದಾಟಿ ಮಾತಾಡಿಕೊಳ್ಳಿ. ಈ ಭಾನುವಾರ ನಾನು ತಾಯಿಯ ಜೊತೆ ಇದ್ದೇನೆ.

ತಲೆ ಎತ್ತಿದೆ. ಎದುರಂಗಡಿಯವರೂ ಕೈಯಲ್ಲಿ ಫೋನು ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಅವರೇ ರಸ್ತೆ ದಾಟಿ ಬಂದರು.

"ಅಣ್ಣಾ, ಹಳೇ ಪ್ರೋಗ್ರಾಮ್ ನನ್ನ ಹತ್ತಿರ ಇದೆ," ಎಂದರು.

"ಹೊಸದು ನನ್ನ ಹತ್ತಿರ ಇದೆ," ಎಂದೆ.

ಇಬ್ಬರಿಗೂ ಎರಡೂ ಬೇಕು: ಗಂಡಿನ ತಾಯಿ ಕೇಳಿದರೆ ಒಂದು ತಲೆ, ಹೆಣ್ಣಿನ ತಾಯಿ ಜೊತೆಗಿದ್ದರೆ ಎರಡು. ನಾದಿನಿಯನ್ನು ಕರೆಸಿದೆ. ಡಿಸೈನನ್ನು ಮುಟ್ಟಬೇಕಾಗಿಲ್ಲ ಎಂದು ನಾನು ಹೇಳಿದ ಮೇಲೆ ಬಂದು, ಎರಡೂ ಪ್ರೋಗ್ರಾಮನ್ನು ಎರಡು ಪೆನ್ ಡ್ರೈವಿಗೆ ತುಂಬಿಸಿ, ಒಂದನ್ನು ಈ ಕಡೆ ಒಂದನ್ನು ಆ ಕಡೆ ಕೊಟ್ಟಳು. ಮೂವರೂ ಕಾಫಿ ಕುಡಿದೆವು.

ಎದುರಂಗಡಿಯವರು ಪೆನ್ ಡ್ರೈವನ್ನು ಒಳಜೇಬಿಗೆ ಹಾಕಿ, ಬೀದಿಯ ಎರಡೂ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅಣ್ಣಾ, ಈ ವಿಷಯ ನಮ್ಮ ಮೂವರಲ್ಲೇ ಇರಲಿ."

ಆಗಲಿ ಎಂದೆ.